ಕ್ಲಚ್ಚಿನ ಸದ್ದು: ರಿಪೇರಿ ಸಾಲ ಕೊಡುವ ಮೊದಲು



ಅಟ್ಟದ ಮೇಲಿನ ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ಅಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಗುಳುಗುಳು ಅಂದರೆ ಇನ್ನೂ ನೀರಿದೆ, ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಕಾರಿನ ಕ್ಲಚ್ಚಿನ ಸದ್ದನ್ನೂ ಹೀಗೆಯೇ ಕೇಳಿ ತಿಳಿಯಬಹುದು. ಸಂಘದ ಸಭೆಗೆ ಬರುವ ಸಾಲದ ಅರ್ಜಿಗಳಲ್ಲಿ ಈಗ ಗಾಡಿ ರಿಪೇರಿಯೂ ಸೇರಿಕೊಂಡಿದೆ. "ಕ್ಲಚ್ ಹೋಗೈತಂತೆ, ದುಡ್ಡು ಬೇಕು" ಅಂದಾಗ ನಾವು ಸುಮ್ಮನೆ ಸಹಿ ಹಾಕಬೇಕೇ, ಅಥವಾ ನಾಲ್ಕು ಪ್ರಶ್ನೆ ಕೇಳಬೇಕೇ? ಹಣ ವಾರವಾರ ಕೂಡಿಟ್ಟದ್ದು. ಅದಕ್ಕೇ ಈ ಪಾಠ.

ನಮ್ಮ ಕಡೆ ಇನ್ನೂ ಓಡುತ್ತಿರುವ ಓಮ್ನಿಯನ್ನೇ ತೆಗೆದುಕೊಳ್ಳೋಣ. ಅದರ ತಯಾರಿಕೆ 2019ರಲ್ಲೇ ನಿಂತಿತು, ಆದ್ದರಿಂದ ಇರುವುದೆಲ್ಲ ಹಳೇ ಗಾಡಿಗಳೇ. ಇಂಜಿನ್ ತಿರುಗುವುದನ್ನು ಗೇರ್ ಬಾಕ್ಸಿಗೆ ಕೊಡುವುದು, ಬೇಕಾದಾಗ ಬಿಡಿಸುವುದು ಕ್ಲಚ್ಚಿನ ಕೆಲಸ. ಅದರಲ್ಲಿ ಮುಖ್ಯವಾಗಿ ಮೂರು ಸಾಮಾನು: ಕ್ಲಚ್ ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು, ಪೆಡಲ್ ತುಳಿದಾಗ ಆ ಒತ್ತಡ ಬಿಡಿಸುವ ರಿಲೀಸ್ ಬೇರಿಂಗು.

ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ಲಿಗೆ ತಂದು ಇಂಜಿನ್ ಚಾಲೂ ಮಾಡಿಸಿ. ಡ್ರೈವರ್ ಕಾಲು ಕ್ಲಚ್ ಮೇಲೆ ಇರಬಾರದು. ಈಗ ಕೇಳಿ. ನಂತರ ಪೆಡಲನ್ನು ನಿಧಾನವಾಗಿ ತುಳಿಯಲು ಹೇಳಿ, ಮತ್ತೆ ಕೇಳಿ.

ತುಳಿದಾಗ ಗರಗರ ಅಥವಾ ಕಿರ್ರ್ ಅಂತ ಶುರುವಾದರೆ ಅನುಮಾನ ರಿಲೀಸ್ ಬೇರಿಂಗಿನ ಮೇಲೆ, ಯಾಕೆಂದರೆ ಅದರ ಮೇಲೆ ಭಾರ ಬೀಳುವುದು ಆಗಲೇ. ಸುಮ್ಮನೆ ಕಾಲು ಸೋಕಿಸಿದ ತಕ್ಷಣ ಕಟಕಟ ನಿಂತರೆ ಆ ಬೇರಿಂಗೋ, ಅದನ್ನು ತಳ್ಳುವ ಫೋರ್ಕೋ ಸಡಿಲವಾಗಿ ಆಡುತ್ತಿರಬಹುದು; ಮೊದಲು ಕ್ಲಚ್ ಕೇಬಲ್ ಹೊಂದಿಸಿ ನೋಡಲಿ. ಕಾಲು ತೆಗೆದಾಗ ಸದ್ದು ಇದ್ದು, ಪೂರ್ತಿ ತುಳಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗು ಅಥವಾ ಕ್ಲಚ್ ಪ್ಲೇಟಿನ ಸ್ಪ್ರಿಂಗು. ಇಲ್ಲಿ ಗೇರ್ ಆಯಿಲ್ ಮಟ್ಟ ನೋಡದೆ ಬಿಚ್ಚಲು ಬಿಡಬೇಡಿ. ಇನ್ನು ತುಳಿದರೂ ಬಿಟ್ಟರೂ ಸದ್ದು ಒಂದೇ ತರ ಇದ್ದರೆ ಕ್ಲಚ್ಚಿಗೆ ಸಂಬಂಧವೇ ಇಲ್ಲದಿರಬಹುದು. ಸೈಲೆನ್ಸರ್ ಮೇಲಿನ ತಗಡು ಸಡಿಲವಾದರೂ ಇಂಥದೇ ಸದ್ದು. ಒಂದು ಬೋಲ್ಟಿನ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಿದರೆ ನಷ್ಟ ಯಾರಿಗೆ?

ಸದ್ದು ಬೇರೆ, ಜಾರುವುದು ಬೇರೆ. ಕೊಬ್ಬರಿ ಮೂಟೆ ಹೇರಿಕೊಂಡು ಏರು ಹತ್ತುವಾಗ ಇಂಜಿನ್ ಜೋರಾಗಿ ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲೇಟು ಸವೆದಿದೆ ಅಂತ ಗುಮಾನಿ. ಬರೀ ಸದ್ದಾದರೆ ಸ್ವಲ್ಪ ದಿನ ಓಡಬಹುದು. ಆದರೆ ಜೋರಾಗುತ್ತಾ ಹೋದರೆ ತಡ ಮಾಡಬಾರದು: ಹಿಡಿದುಕೊಂಡ ಬೇರಿಂಗು ಪ್ರೆಷರ್ ಪ್ಲೇಟನ್ನೂ ತಿಂದುಹಾಕುತ್ತದೆ. (ಗಾಡಿ ಓಡಿಸುವಾಗ ಸದಾ ಕ್ಲಚ್ ಮೇಲೆ ಕಾಲಿಟ್ಟುಕೊಳ್ಳೋ ಅಭ್ಯಾಸ ಈ ಬೇರಿಂಗಿಗೆ ಶತ್ರು. ಮನೆಯಲ್ಲಿ ಹೇಳಿ ನೋಡಿ, ಕೇಳ್ತಾರೋ ಇಲ್ವೋ!)

ಈಗ ದುಡ್ಡಿನ ಮಾತು. ಮೂರರಲ್ಲಿ ಯಾವ ಸಾಮಾನು ಬದಲಿಸಬೇಕಾದರೂ ಗೇರ್ ಬಾಕ್ಸ್ ಇಳಿಸಲೇಬೇಕು. ಆ ಕೂಲಿ ಒಂದೇ. ಲೆಕ್ಕ ಕಲಿಯೋದಕ್ಕೆ ಒಂದು ಮಾದರಿ ಹಾಕೋಣ. ಇದು ಅಂಗಡಿ ದರ ಅಲ್ಲ. ಇಳಿಸಿ ಏರಿಸುವ ಕೂಲಿ 2500, ಬೇರಿಂಗು 600, ಎರಡು ಪ್ಲೇಟು ಸೇರಿ 3000 ರೂಪಾಯಿ ಅಂತಿಟ್ಟುಕೊಳ್ಳಿ. ಬೇರಿಂಗು ಮಾತ್ರ ಹಾಕಿಸಿದರೆ 3100. ಎಲ್ಲ ಹಾಕಿಸಿದರೆ 6100. ಸಾಲ ಕಡಿಮೆ ಆಗಲಿ ಅಂತ 3100 ಮಾತ್ರ ಕೊಟ್ಟೆವು, ಆರು ತಿಂಗಳಿಗೆ ಪ್ಲೇಟೂ ಹೋಯಿತು ಅನ್ನಿ. ಮತ್ತೆ 2500 ಕೂಲಿ, 3000 ಸಾಮಾನು, ಒಟ್ಟು 8600. ಮೊದಲೇ 3000 ಹೆಚ್ಚು ಸಾಲ ಕೊಟ್ಟಿದ್ದರೆ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಆರು ತಿಂಗಳಿಗೆ 360 ರೂಪಾಯಿ ಮಾತ್ರ. 360 ಉಳಿಸಲು ಹೋಗಿ 2500 ಕಳೆದ ಹಾಗಾಯಿತು. ಗಾಡಿ ನಿಂತ ದಿನಗಳ ಬಾಡಿಗೆ ಬೇರೆ.

ಹಾಗಂತ ಯಾವಾಗಲೂ ಪೂರ್ತಿ ಸೆಟ್ ಹಾಕಿಸಬೇಕೆಂದಲ್ಲ. ಪ್ಲೇಟು ಇತ್ತೀಚೆಗೆ ಹೊಸದಾಗಿ ಹಾಕಿಸಿದ್ದರೆ ಬೇರಿಂಗೇ ಸಾಕು. ಗಾಡಿಯ ತಳ ತುಕ್ಕು ಹಿಡಿದಿದ್ದರೆ, ಬಾಡಿಗೆ ಗಾಡಿಯಾಗಿ ಎಫ್.ಸಿ. ಮುಗಿಯುತ್ತಿದ್ದರೆ, ಸ್ವಂತ ಕಾರಾಗಿ 15 ವರ್ಷ ತುಂಬಿ ಆರ್.ಸಿ. ನವೀಕರಣ ಎದುರಿಗಿದ್ದರೆ, ಆ ಖರ್ಚೆಲ್ಲ ಕೂಡಿಸಿಯೇ ನೋಡಬೇಕು. ನಮ್ಮ ಅಭಿಪ್ರಾಯದಲ್ಲಿ, ಗೇರ್ ಬಾಕ್ಸ್ ಬೇರಿಂಗೂ ಹೋಗಿದೆ ಅಂದರೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಕೇಳದೆ ಸಾಲ ಮಂಜೂರು ಮಾಡಬಾರದು. ಅದು ಬೇರೆಯದೇ ದೊಡ್ಡ ಖರ್ಚು.

ಸಾಲ ಕೇಳುವ ಸದಸ್ಯೆ ಕೂಲಿ ಎಷ್ಟು, ಸಾಮಾನು ಎಷ್ಟು ಅಂತ ಬೇರೆಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಂಡು ಬರಲಿ. ಬಿಚ್ಚಿದ ಹಳೇ ಸಾಮಾನು ವಾಪಸ್ ಕೊಡಬೇಕು ಅಂತ ಮೊದಲೇ ಹೇಳಿರಲಿ. ಹಳೇ ಪ್ಲೇಟು ಕೈಗೆ ಬಂದರೆ ರಿವೆಟ್ ತಲೆ ನೋಡಿ. ಲೈನಿಂಗ್ ಸವೆದು ತಲೆಯ ಮಟ್ಟಕ್ಕೆ ಬಂದಿದ್ದರೆ ಬದಲಿಸಿದ್ದು ಸರಿ. ತಲೆ ಇನ್ನೂ ಆಳದಲ್ಲಿದ್ದು, ಬಿರುಕು, ಎಣ್ಣೆ, ಸಡಿಲ ಸ್ಪ್ರಿಂಗ್ ಏನೂ ಇಲ್ಲದಿದ್ದರೆ, ಯಾಕೆ ಬದಲಿಸಿದಿರಿ ಅಂತ ಬಿಲ್ ಕಟ್ಟುವ ಮೊದಲೇ ಕೇಳಿ.