ಮುಪ್ಪಿನ ತುತ್ತು

ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸ 1911ರಲ್ಲಿ ಮೊದಲಾಯಿತು. ಇಪ್ಪತ್ತು ವರ್ಷಗಳ ದುಡಿಮೆಯ ಫಲವಾಗಿ ಕೃಷ್ಣರಾಜಸಾಗರ ಮೈದಾಳಿತು, ನಾಲೆಗಳು ಹರಿದವು, ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲು ಭತ್ತ ಕಬ್ಬುಗಳ ಬೀಡಾಯಿತು. ಪಕ್ಕದ ನಾಗಮಂಗಲದ ಬಹುಪಾಲು ಹೊಲಗಳು ಮಳೆಯನ್ನೇ ನಂಬಿ ರಾಗಿ ಬೆಳೆಯುತ್ತ ಬಂದವು. ನೀರಾವರಿಯೇ ಆಗಲಿ, ಬೆದ್ದಲೇ ಆಗಲಿ, ದುಡಿಯುವ ಕೈ ಒಂದೇ. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಹಿರಿಯರು ಹೇಳಿದರು. ಆದರೆ ಐವತ್ತು ವರ್ಷ ಕೈ ಕೆಸರು ಮಾಡಿಕೊಂಡವರ ಬಾಯಿಗೆ ಮುಪ್ಪಿನಲ್ಲಿ, ಮೊಸರಿನ ಮಾತು ಹಾಗಿರಲಿ, ಹೊತ್ತಿಗೆ ಸರಿಯಾಗಿ ಬಿಸಿಯನ್ನವಾದರೂ ದೊರೆಯುತ್ತಿದೆಯೇ? ಈ ಪ್ರಶ್ನೆಯನ್ನು ನಾವು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕಾಗಿದೆ.

ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಮನೆಯೇ ಕೊಡುತ್ತಿತ್ತು. ಅವಿಭಕ್ತ ಕುಟುಂಬದಲ್ಲಿ ಹತ್ತು ಮಂದಿಗೆ ಮುದ್ದೆ ಕಟ್ಟುವಾಗ ಹನ್ನೊಂದನೆಯದು ಅಜ್ಜನಿಗೆ ತಾನಾಗಿ ಸಿದ್ಧವಾಗುತ್ತಿತ್ತು. ಅದಕ್ಕೆ ಕಾನೂನೂ ಬೇಕಿರಲಿಲ್ಲ, ಅರ್ಜಿಯೂ ಬೇಕಿರಲಿಲ್ಲ. ಆ ಕಾಲದಲ್ಲಿ ಎಲ್ಲ ಮುದುಕರೂ ಸುಖಿಗಳಾಗಿದ್ದರೆಂದು ಹೇಳಿದರೆ ಅದು ಸುಳ್ಳಾದೀತು. ಮೂಲೆಯಲ್ಲಿ ಕುಳಿತು ತಣ್ಣನೆಯ ತಂಗಳನ್ನು ಉಂಡವರೂ ಇದ್ದರು. ಆದರೂ ಒಲೆ ಉರಿಯುತ್ತಿತ್ತು, ಮನೆಯಲ್ಲಿ ಜನರಿದ್ದರು. ಇಂದು ಮಕ್ಕಳು ಜೀವನೋಪಾಯಕ್ಕಾಗಿ ಬೆಂಗಳೂರು, ಮೈಸೂರುಗಳನ್ನು ಸೇರಿದ್ದಾರೆ. ಅವರನ್ನು ದೂಷಿಸಿ ಫಲವಿಲ್ಲ. ಒಂದೆಕರೆ ಹೊಲವನ್ನು ಮೂವರು ಹಂಚಿಕೊಂಡು ಬದುಕಲಾಗದು. ಹೀಗಾಗಿ ಎಷ್ಟೋ ತೊಟ್ಟಿಮನೆಗಳಲ್ಲಿ ಒಬ್ಬಿಬ್ಬರು ಮುದುಕರಷ್ಟೇ ಉಳಿದಿದ್ದಾರೆ. 2011ರ ಜನಗಣತಿಯಂತೆ ಭಾರತದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು ಮಂದಿ ಇದ್ದರು. ಆಯುಸ್ಸು ಹೆಚ್ಚಿದಂತೆಲ್ಲ ಈ ಸಂಖ್ಯೆಯೂ ಏರುತ್ತಲೇ ಇರುತ್ತದೆ.

ಹಸಿದವರಿಗೆ ಅನ್ನವಿಡುವ ಸಂಪ್ರದಾಯ ಈ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಶತಮಾನಗಳಿಂದ ಯಾತ್ರಿಕರನ್ನು ಕರೆದ ಕ್ಷೇತ್ರ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಅನ್ನದಾಸೋಹ ನಾಡಿಗೆಲ್ಲ ಪರಿಚಿತ. ಜಾತಿ ಮತಗಳನ್ನು ಕೇಳದೆ ಎಲೆ ಹಾಕುವ ಈ ಪದ್ಧತಿ ನಮ್ಮ ಸಂಸ್ಕೃತಿಯ ಹಿರಿಮೆ. ಆದರೆ ದಾಸೋಹಕ್ಕೊಂದು ಮಿತಿಯುಂಟು. ಅದು ಬಾಗಿಲಿಗೆ ಬಂದವರ ಹಸಿವನ್ನು ತಣಿಸಬಲ್ಲುದೇ ಹೊರತು, ಬಾಗಿಲಿಗೆ ಬರಲಾರದವರನ್ನು ಹುಡುಕಿಕೊಂಡು ಹೋಗಲಾರದು. ಮಂಡಿನೋವಿನಿಂದ ಹೊಸ್ತಿಲು ದಾಟಲಾರದ ಮುದುಕಿಗೆ ಬೆಟ್ಟದ ಮೇಲಿನ ಪ್ರಸಾದ ದೂರವೇ ಸರಿ. ಧರ್ಮದ ಜೊತೆಗೆ ಆಡಳಿತವೂ ಕೈಗೂಡಿಸಬೇಕಾದ ಸ್ಥಳ ಇದೇ.

ನಮ್ಮ ಸಂವಿಧಾನದ 41ನೆಯ ವಿಧಿಯು, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ವೃದ್ಧಾಪ್ಯದಲ್ಲಿರುವವರಿಗೆ ಸಾರ್ವಜನಿಕ ನೆರವು ದೊರೆಯುವಂತೆ ಏರ್ಪಾಡು ಮಾಡಬೇಕೆಂದು ನಿರ್ದೇಶಿಸಿದೆ. ಆದ್ದರಿಂದ ವೃದ್ಧಾಪ್ಯ ವೇತನವು ಯಾರೋ ದೊಡ್ಡವರು ಕೊಡುವ ಭಿಕ್ಷೆಯಲ್ಲ. ಕೇಂದ್ರ ಸರ್ಕಾರವು 1995ರಲ್ಲಿ ರಾಷ್ಟ್ರೀಯ ವೃದ್ಧಾಪ್ಯ ವೇತನವನ್ನು ಆರಂಭಿಸಿತು. ಆ ವೇತನಕ್ಕೆ ಅರ್ಹರಾಗಿದ್ದೂ ಅದು ದೊರೆಯದಿದ್ದ ವೃದ್ಧರಿಗೆ ತಿಂಗಳಿಗೆ 10 ಕಿಲೋ ಧಾನ್ಯವನ್ನು ಉಚಿತವಾಗಿ ಕೊಡುವ ಅನ್ನಪೂರ್ಣ ಯೋಜನೆ 2000ದಲ್ಲಿ ಬಂದಿತು. ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಮೊದಲಾದವರಲ್ಲಿ 65 ವರ್ಷ ತುಂಬಿದವರಿಗಾಗಿ ಕರ್ನಾಟಕ ಸರ್ಕಾರವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಜಾರಿಗೆ ತಂದಿತು. ಮೊದಲು ತಿಂಗಳಿಗೆ 400 ರೂಪಾಯಿಯಾಗಿದ್ದ ಈ ವೇತನ ಕ್ರಮೇಣ ಏರಿ 1,200 ರೂಪಾಯಿಯಾಯಿತು. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮದ ಕಂದಾಯ ಅಧಿಕಾರಿ ಪರಿಶೀಲಿಸಬೇಕು. ಮಂಜೂರಾದ ಬಳಿಕ ಹಣ ಬ್ಯಾಂಕು ಅಥವಾ ಅಂಚೆ ಕಚೇರಿಯ ಖಾತೆಗೆ ಜಮೆಯಾಗುತ್ತದೆ.

ಕಾಗದದ ಮೇಲೆ ಇದು ಸರಳ. ಆದರೆ ಹುಟ್ಟಿದ ದಿನವನ್ನು ಬರೆದಿಡದ ಕಾಲದಲ್ಲಿ ಹುಟ್ಟಿದವರು ವಯಸ್ಸಿಗೆ ಸಾಕ್ಷಿ ಎಲ್ಲಿಂದ ತರಬೇಕು? ನಾಟಿ, ಕಳೆ, ಕೊಯ್ಲುಗಳಲ್ಲಿ ಬೆರಳ ಗೆರೆಗಳೇ ಸವೆದುಹೋದ ಮುದುಕಿಯ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದಿದ್ದರೆ ತಪ್ಪು ಯಾರದು? ದುಡಿದದ್ದಕ್ಕೆ ಗುರುತಾಗಿ ಉಳಿದ ಕೈಯೇ ಅನ್ನಕ್ಕೆ ಅಡ್ಡಿಯಾಗುವುದಕ್ಕಿಂತ ಮಿಗಿಲಾದ ವಿಪರ್ಯಾಸ ಬೇರಿಲ್ಲ. ಇಂಥ ಎಡೆಯಲ್ಲಿ ನಿಯಮ ಬಲ್ಲ, ಕನಿಕರವುಳ್ಳ ಒಬ್ಬ ಅಧಿಕಾರಿ ಹತ್ತು ಯೋಜನೆಗಳಿಗೆ ಸಮ.

ಇನ್ನೊಂದು ಮಾತನ್ನು ವಿಚಾರಮಾಡಿ ನೋಡಬೇಕು. ತಿಂಗಳಿಗೆ 1,200 ರೂಪಾಯಿಯೆಂದರೆ ದಿನಕ್ಕೆ 40 ರೂಪಾಯಿ. ಅದರಲ್ಲಿಯೇ ಔಷಧಿ, ಸೋಪು, ಬಸ್ಸಿನ ಖರ್ಚು ಎಲ್ಲವೂ ಕಳೆಯಬೇಕು. ಪಡಿತರದ ಅಕ್ಕಿ ಮನೆಗೆ ಬಂದಿತೆಂದೇ ಇಟ್ಟುಕೊಳ್ಳೋಣ. ಅಕ್ಕಿ ತಾನಾಗಿಯೇ ಅನ್ನವಾಗುವುದಿಲ್ಲ. ನೀರು ತರಬೇಕು, ಒಲೆ ಹಚ್ಚಬೇಕು, ಪಾತ್ರೆ ಇಳಿಸಬೇಕು. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಇದು ಅಪಾಯದ ಕೆಲಸ. ಒಬ್ಬಂಟಿಯಾಗಿರುವ ವೃದ್ಧರು ಒಂದು ಹೊತ್ತು ಬೇಯಿಸಿ ಮೂರು ಹೊತ್ತು ಉಣ್ಣುವುದನ್ನು, 'ಹಸಿವೇ ಇಲ್ಲ' ಎಂದು ಮಲಗುವುದನ್ನು ನಾವೆಲ್ಲ ಕಂಡಿದ್ದೇವೆ. ಹಣ, ಧಾನ್ಯಗಳ ಆಚೆಗೆ ಸಿದ್ಧವಾದ ಬಿಸಿಯೂಟವೊಂದು ಬೇಕಾಗುವುದು ಇದಕ್ಕಾಗಿಯೇ.

ಈ ಸತ್ಯವನ್ನು ಇತರ ದೇಶಗಳೂ ಅನುಭವದಿಂದಲೇ ಕಲಿತವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಇಂಗ್ಲೆಂಡಿನ ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನಲ್ಲಿ ಸ್ವಯಂಸೇವಕ ಮಹಿಳೆಯರು ವೃದ್ಧರ ಮನೆಗಳಿಗೆ ಬಿಸಿಯೂಟವನ್ನು ಒಯ್ಯತೊಡಗಿದರು. ಅಮೆರಿಕದಲ್ಲಿ 1965ರ ವೃದ್ಧರ ಹಿತರಕ್ಷಣೆಯ ಕಾಯಿದೆಗೆ 1972ರಲ್ಲಿ ಆಹಾರ ಕಾರ್ಯಕ್ರಮವನ್ನು ಸೇರಿಸಲಾಯಿತು. ಊರೂರಿನ ಕೇಂದ್ರಗಳಲ್ಲಿ ವೃದ್ಧರು ಒಟ್ಟಿಗೆ ಕುಳಿತು ಉಣ್ಣುವ ಏರ್ಪಾಡಾಯಿತು. ಊಟ ತರುವವರು ತಟ್ಟೆಯನ್ನಷ್ಟೇ ತರುವುದಿಲ್ಲ. 'ಇಂದು ಬಾಗಿಲು ತೆರೆಯಿತೇ? ಅಜ್ಜ ಎದ್ದಿದ್ದಾರೆಯೇ?' ಎಂದು ದಿನಕ್ಕೊಮ್ಮೆ ವಿಚಾರಿಸುವ ಒಂದು ಜೀವವೂ ಆ ತಟ್ಟೆಯೊಂದಿಗೆ ಬರುತ್ತದೆ. ಒಂಟಿತನಕ್ಕೆ ಅದಕ್ಕಿಂತ ಒಳ್ಳೆಯ ಔಷಧಿಯಿಲ್ಲ.

ನಮ್ಮಲ್ಲಿ ಇದು ಸಾಧ್ಯವೇ? 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು, ಊರೂರಿನ ಶಾಲೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿಸಿಯೂಟ ಬಡಿಸುವುದು ಸಾಧ್ಯವೆಂದು ತೋರಿಸಿಕೊಟ್ಟಿದೆ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲಾದ ಇಂದಿರಾ ಕ್ಯಾಂಟೀನುಗಳು ಐದು ರೂಪಾಯಿಗೆ ತಿಂಡಿಯನ್ನೂ ಹತ್ತು ರೂಪಾಯಿಗೆ ಊಟವನ್ನೂ ಕೊಟ್ಟು, ಬಳಿಕ ಇತರ ಪಟ್ಟಣಗಳಿಗೂ ಹಬ್ಬಿದವು. ಆದರೆ ಕ್ಯಾಂಟೀನು ಪಟ್ಟಣದಲ್ಲಿದೆ, ಮುದುಕಿ ಹಳ್ಳಿಯಲ್ಲಿದ್ದಾಳೆ. ಇವೆರಡರ ನಡುವಣ ಅಂತರವನ್ನು ತುಂಬಬಲ್ಲ ಸಂಸ್ಥೆಯೆಂದರೆ ಗ್ರಾಮ ಪಂಚಾಯಿತಿ. ಶಾಲೆಯ ಅಕ್ಕಿ ಮಕ್ಕಳಿಗೆ ಮೀಸಲು, ಅದನ್ನು ಮುಟ್ಟುವಂತಿಲ್ಲ. ವೃದ್ಧರ ಊಟಕ್ಕೆ ಪ್ರತ್ಯೇಕ ಅನುದಾನ, ಪ್ರತ್ಯೇಕ ಲೆಕ್ಕ ಇರಬೇಕು. ಯಾರಿಗೆ ಊಟ ಬೇಕೆಂಬುದನ್ನು ಗ್ರಾಮಸಭೆ ಬಹಿರಂಗವಾಗಿ ನಿರ್ಧರಿಸಬೇಕು. ಮಹಿಳಾ ಸ್ವಸಹಾಯ ಸಂಘಗಳು ಅಡುಗೆಯ ಹೊಣೆ ಹೊರಬಹುದು. ಹಲ್ಲಿಲ್ಲದವರಿಗೆ ಮೆದು ಮುದ್ದೆ, ತಿಳಿಸಾರು. ರಕ್ತದೊತ್ತಡವುಳ್ಳವರಿಗೆ ಕಡಿಮೆ ಉಪ್ಪು. ನಡೆಯಬಲ್ಲವರಿಗೆ ಪಂಕ್ತಿ, ನಡೆಯಲಾರದವರಿಗೆ ಬುತ್ತಿ. ಹೀಗೆ ವಿವೇಚನೆಯಿಂದ ಮಾಡಿದರೆ ಮಾತ್ರ ಅದು ಸೇವೆ. ಇಲ್ಲವಾದರೆ ಬರಿಯ ಹಂಚಿಕೆ.

ಆಡಳಿತದ ಮತ್ತೊಂದು ಮುಖ ನ್ಯಾಯ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆ 2007ರಲ್ಲಿ ಬಂದಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಲು ಈ ಕಾಯಿದೆ ಹಕ್ಕು ಕೊಟ್ಟಿದೆ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ಇದನ್ನು ವಿಚಾರಿಸುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳೂ ಪಾಂಡವಪುರ ಉಪವಿಭಾಗಕ್ಕೆ ಸೇರಿವೆ. ನೋಡಿಕೊಳ್ಳುವ ಷರತ್ತಿನ ಮೇಲೆ ಹಿರಿಯರಿಂದ ಆಸ್ತಿ ಬರೆಸಿಕೊಂಡವರು ಮಾತು ತಪ್ಪಿದರೆ ಆ ದಾನಪತ್ರವನ್ನೇ ರದ್ದುಪಡಿಸಲು 23ನೆಯ ಪ್ರಕರಣ ಅವಕಾಶ ನೀಡುತ್ತದೆ. ಆದಕಾರಣ ಆ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸುವುದು ವಿವೇಕ.

ಆದರೆ ಕಾನೂನು ತಲುಪಲಾರದ ಒಂದು ಎಡೆಯುಂಟು. ನಿವೃತ್ತನಾದ ಮೇಲೆ ನಾನು ಊರಿನವರಿಗೆ ಅರ್ಜಿ ಬರೆದುಕೊಡುವುದುಂಟು. ಒಮ್ಮೆ ಒಬ್ಬ ಮುದುಕಿ ಬಂದಳು. ಹೊಲ ಮಗನ ಹೆಸರಿಗಾಗಿತ್ತು. ಮಗ ಪಟ್ಟಣ ಸೇರಿ ವರ್ಷಗಳಾಗಿದ್ದವು. "ನ್ಯಾಯಮಂಡಳಿಗೆ ಒಂದು ಅರ್ಜಿ ಹಾಕೋಣ, ಅವ್ವಾ" ಎಂದೆ. ಆಕೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಹೇಳಿದಳು: "ಬ್ಯಾಡಿ ಮೇಷ್ಟ್ರೇ. ಅವನ ಮ್ಯಾಲೆ ದೂರು ಬರ್ದು ಬಂದ ಅನ್ನ ನನ್ ಗಂಟ್ಲಲ್ಲಿ ಇಳಿಯಾಕಿಲ್ಲ. ಸರ್ಕಾರದ್ದು ಏನಾರ ಇದ್ರೆ ಬರ್ಕೊಡಿ." ನಾನು ವೇತನದ ಅರ್ಜಿಯನ್ನು ಬರೆದೆ. ಮಗನಿಂದ ಕಸಿದು ಪಡೆಯಲೊಲ್ಲದ ತುತ್ತನ್ನು ಆಕೆ ಸಮಾಜದಿಂದ ಹಕ್ಕಾಗಿ ಪಡೆಯಲು ಸಿದ್ಧಳಿದ್ದಳು. ಅಂಥವರಿಗೆ ಪಂಚಾಯಿತಿಯ ಊಟದ ತಟ್ಟೆ ಹೊಟ್ಟೆಯನ್ನು ತುಂಬುವುದರ ಜೊತೆಗೆ ಮಾನವನ್ನೂ ಕಾಯುತ್ತದೆ.

ವಿದ್ಯಾರ್ಥಿಗಳಾದ ನೀವು ಏನು ಮಾಡಬಲ್ಲಿರಿ? ನಿಮಗೆ ಓದು ಬರಹ ಬರುತ್ತದೆ. ನಿಮ್ಮ ಬೀದಿಯ ಎಷ್ಟೋ ಹಿರಿಯರಿಗೆ ಬರುವುದಿಲ್ಲ. ಒಂದು ಅರ್ಜಿಯನ್ನು ಓದಿ ಹೇಳಿರಿ. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ 14567. ಅದನ್ನು ಅವರ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ. ಶಾಲೆಗೆ ಹೋಗುವಾಗ ಒಂಟಿ ಮನೆಯ ಬಾಗಿಲಲ್ಲಿ ನಿಂತು, "ಅಜ್ಜಿ, ಊಟ ಆಯ್ತಾ?" ಎಂದು ಕೇಳಿರಿ. ಅದಕ್ಕೆ ಯಾವ ಅನುದಾನವೂ ಬೇಕಿಲ್ಲ. ಮಧ್ಯಾಹ್ನ ಶಾಲೆಯ ಗಂಟೆ ಹೊಡೆದಾಗ ನಿಮ್ಮ ಮುಂದೆ ಬಿಸಿ ಅನ್ನದ ತಟ್ಟೆ ಇರುತ್ತದೆ. ಅದೇ ಹೊತ್ತಿಗೆ ಊರಿನ ಅತ್ಯಂತ ಹಿರಿಯ ಜೀವದ ಮುಂದೆಯೂ ಒಂದು ತಟ್ಟೆ ಇರುವ ದಿನ ಬಂದಾಗ, ಕನ್ನಂಬಾಡಿಯ ನೀರು ನಿಜವಾಗಿ ಎಲ್ಲರ ಮನೆಗೂ ಹರಿಯಿತೆಂದು ನಾವು ಹೇಳಬಹುದು.

ಅಭ್ಯಾಸ

1. ದಾಸೋಹ ಪದ್ಧತಿಯ ಹಿರಿಮೆ ಯಾವುದು? ಅದರ ಮಿತಿಯೆಂದು ಲೇಖಕರು ಯಾವುದನ್ನು ಹೇಳುತ್ತಾರೆ?
2. 'ಅಕ್ಕಿ ತಾನಾಗಿಯೇ ಅನ್ನವಾಗುವುದಿಲ್ಲ' ಎಂಬ ಮಾತನ್ನು ವಿವರಿಸಿ.
3. ಮುದುಕಿಯು ಮಗನ ಮೇಲೆ ಅರ್ಜಿ ಹಾಕಲು ಏಕೆ ಒಪ್ಪಲಿಲ್ಲ? ಆಕೆಯ ನಿರ್ಧಾರದ ಬಗೆಗೆ ನಿಮ್ಮ ಅಭಿಪ್ರಾಯವೇನು?
4. ನಿಮ್ಮ ಗ್ರಾಮ ಪಂಚಾಯಿತಿಯು ವೃದ್ಧರಿಗಾಗಿ ಊಟದ ಏರ್ಪಾಡು ಮಾಡಬೇಕಾದರೆ ಯಾವ ಯಾವ ಸಂಗತಿಗಳನ್ನು ಗಮನಿಸಬೇಕು? ಒಂದು ಪುಟದಲ್ಲಿ ಬರೆಯಿರಿ.