ಊರೇ ಕಟ್ಟಿದ ಶಾಲೆ

ಶಾಲೆಯ ಕಟ್ಟಡವನ್ನು ಸಾಮಾನ್ಯವಾಗಿ ಯಾರೋ ಕಟ್ಟಿಸುತ್ತಾರೆ, ಮತ್ತಾರೋ ಬಂದು ಕಟ್ಟುತ್ತಾರೆ. ಊರಿನವರು ಅದನ್ನು ಬಳಸುತ್ತಾರೆ. ಗೋಡೆ ಬಿರುಕುಬಿಟ್ಟರೆ, ಸೂರು ಸೋರಿದರೆ, ಮತ್ತೆ ಹೊರಗಿನವರ ದಾರಿಯನ್ನೇ ಕಾಯಬೇಕಾಗುತ್ತದೆ. ಈ ಮಾತಿಗೆ ಹೊರತಾದ ಶಾಲೆಯೊಂದು ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ, ಗಾಂಡೋ ಎಂಬ ಹಳ್ಳಿಯಲ್ಲಿದೆ. ಅದನ್ನು ರೂಪಿಸಿದವರು ಆ ಹಳ್ಳಿಯಲ್ಲೇ ಹುಟ್ಟಿದ ಡಿಯೆಬೆಡೊ ಫ್ರಾನ್ಸಿಸ್ ಕೆರೇ. ಕಟ್ಟಿದವರು ಆ ಹಳ್ಳಿಯ ಜನ.

ಗಾಂಡೋ ಬಿಸಿಲಿನ ಸೀಮೆ. ಬೇಸಗೆಯಲ್ಲಿ ಅಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ಮಳೆ. ಆ ಮಳೆಯೂ ಬಿರುಸಾದದ್ದು. ಫ್ರಾನ್ಸಿಸ್ 1965ರಲ್ಲಿ ಊರಿನ ಮುಖಂಡನ ಮಗನಾಗಿ ಜನಿಸಿದಾಗ ಅಲ್ಲಿ ಶಾಲೆ ಇರಲಿಲ್ಲ. ಏಳು ವರ್ಷದ ಬಾಲಕ ಅಕ್ಷರ ಕಲಿಯಬೇಕಾದರೆ ತಾಯಿಯ ಮಡಿಲನ್ನು ಬಿಟ್ಟು, ತೆಂಕೋಡೋಗೋ ಪಟ್ಟಣದಲ್ಲಿದ್ದ ಬಂಧುವಿನ ಮನೆಯನ್ನು ಸೇರಬೇಕಾಯಿತು. ಆ ಹಳ್ಳಿಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಮಗು ಅವನೇ. ಅವನು ಕುಳಿತ ತರಗತಿಯಾದರೋ ಮಕ್ಕಳಿಂದ ಕಿಕ್ಕಿರಿದಿತ್ತು; ಗಾಳಿ ಬೆಳಕುಗಳು ಸಾಲದೆ, ಕೋಣೆ ಕಾದ ಹಂಚಿನಂತೆ ಸುಡುತ್ತಿತ್ತು.

ರಜೆಗೆ ಊರಿಗೆ ಬಂದು ಮರಳಿ ಹೊರಡುವಾಗ ಬಾಲಕನು ಮನೆಮನೆಗೂ ಹೋಗಿ ವಿದಾಯ ಹೇಳಬೇಕಾಗಿತ್ತು. ಆಗ ಊರಿನ ಹೆಂಗಸರು ಉಟ್ಟ ಬಟ್ಟೆಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದ ಕೊನೆಯ ಕಾಸನ್ನೂ ತೆಗೆದು ಅವನ ಕೈಗಿಡುತ್ತಿದ್ದರು. ಇವರಿಗೆಲ್ಲ ತನ್ನ ಮೇಲೆ ಏಕಿಷ್ಟು ಪ್ರೀತಿ ಎಂದು ಅವನು ತಾಯಿಯನ್ನು ಕೇಳಿದನು. ಅವನು ಕಲಿತು ಮುಂದೆ ಬಂದು, ಒಂದು ದಿನ ಊರಿಗೆ ಮರಳಿ ನೆರವಾಗಲೆಂಬ ಆಸೆಯಿಂದ ಎಲ್ಲರೂ ಅವನ ಓದಿಗೆ ತಮ್ಮ ಪಾಲನ್ನು ಕೊಡುತ್ತಿದ್ದಾರೆಂದು ತಾಯಿ ತಿಳಿಸಿದಳು. ಆ ಕಾಸುಗಳ ಋಣವನ್ನು ಅವನು ಮರೆಯಲಿಲ್ಲ.

1985ರಲ್ಲಿ ಮರಗೆಲಸದ ತರಬೇತಿಗಾಗಿ ವಿದ್ಯಾರ್ಥಿವೇತನ ಪಡೆದು ಫ್ರಾನ್ಸಿಸ್ ಜರ್ಮನಿಗೆ ತೆರಳಿದರು. ಬಳಿಕ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿಯಾದರು. ಓದು ಮುಗಿಯುವ ಮೊದಲೇ, 1998ರಲ್ಲಿ, ಹುಟ್ಟೂರಿನ ಶಾಲೆಗಾಗಿ ಸಂಘವೊಂದನ್ನು ಸ್ಥಾಪಿಸಿದರು. ಕಾಫಿಗೂ ಸಿಗರೇಟಿಗೂ ವೆಚ್ಚ ಮಾಡುವ ಹಣವನ್ನು ಶಾಲೆಗೆ ಕೊಡಿರೆಂದು ಗೆಳೆಯರನ್ನು ಬೇಡಿದರು. ಹನಿಗೂಡಿ ಹಳ್ಳವಾಯಿತು.

ಆದರೆ ಕಷ್ಟ ಎದುರಾದದ್ದು ಹಣದಿಂದಲ್ಲ, ಊರಿನವರ ಸಂದೇಹದಿಂದ. ಶಾಲೆಯನ್ನು ಮಣ್ಣಿನಿಂದ ಕಟ್ಟೋಣವೆಂದು ಫ್ರಾನ್ಸಿಸ್ ಹೇಳಿದಾಗ ಹಿರಿಯರು ಬೆರಗಾದರು. ತಮ್ಮ ಮಣ್ಣಿನ ಮನೆಗಳು ಮಳೆಗೆ ಕರಗುವುದನ್ನೂ, ಮತ್ತೆ ಮತ್ತೆ ಮೆತ್ತಿ ಸರಿಪಡಿಸಬೇಕಾಗುವುದನ್ನೂ ಅವರು ಕಂಡವರು. ಮಣ್ಣನ್ನು ಮೆತ್ತಲು ಯೂರೋಪಿನಲ್ಲಿ ಅಷ್ಟು ವರ್ಷ ಓದಬೇಕಾಗಿತ್ತೇ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ನ್ಯಾಯವಾದದ್ದೇ. ಕಟ್ಟಡ ಕುಸಿದರೆ ನಷ್ಟವಾಗುವುದು ಹಣವೊಂದೇ ಅಲ್ಲ. ಊರು ತನ್ನ ಮಗನ ಮೇಲೆ ಇಟ್ಟ ನಂಬಿಕೆಯೂ ಅದರೊಡನೆ ಮಣ್ಣುಪಾಲಾಗುತ್ತಿತ್ತು.

ಫ್ರಾನ್ಸಿಸ್ ವಾದಕ್ಕೆ ಇಳಿಯದೆ ಮಾಡಿ ತೋರಿಸಿದರು. ಜೇಡಿಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದನ್ನು ಊರಿನವರಿಗೆ ಕಲಿಸಿದರು. ಇಂಥ ಇಟ್ಟಿಗೆಯನ್ನು ಸುಡಬೇಕಾಗಿಲ್ಲ. ಆದ್ದರಿಂದ ಸೌದೆಗಾಗಿ ಮರ ಕಡಿಯುವ ಅಗತ್ಯವೂ ಇಲ್ಲ. ಮಣ್ಣಿನ ದಪ್ಪ ಗೋಡೆ ಬಿಸಿಲನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ಇನ್ನು ಉಳಿದದ್ದು ಮಳೆ ಮತ್ತು ಸೆಕೆ. ಇವೆರಡಕ್ಕೂ ಅವರು ಮೇಲ್ಛಾವಣಿಯಲ್ಲಿ ಪರಿಹಾರವನ್ನು ಕಂಡರು.

ಸಾಮಾನ್ಯವಾಗಿ ತಗಡಿನ ಚಾವಣಿ ಕೋಣೆಯ ನೆತ್ತಿಯ ಮೇಲೆಯೇ ಕುಳಿತು, ಬಿಸಿಲಿಗೆ ಕಾದು, ಕೆಳಗಿರುವವರನ್ನು ಬೇಯಿಸುತ್ತದೆ. ಗಾಂಡೋ ಶಾಲೆಯಲ್ಲಿ ಕೋಣೆಗೆ ಇಟ್ಟಿಗೆಯ ಒಳಮಾಳಿಗೆಯಿದೆ. ಇಟ್ಟಿಗೆಗಳ ನಡುವೆ ಗಾಳಿ ಹಾಯಲು ಎಡೆಗಳಿವೆ. ಅದರ ಮೇಲೆ, ತೆಳುವಾದ ಕಬ್ಬಿಣದ ಸರಳುಗಳ ಚೌಕಟ್ಟನ್ನು ನಿಲ್ಲಿಸಿ, ತಗಡಿನ ಚಾವಣಿಯನ್ನು ಎತ್ತರದಲ್ಲಿ ಹೊದಿಸಲಾಗಿದೆ. ಕೋಣೆಯ ಬಿಸಿಗಾಳಿ ಹಗುರವಾದುದರಿಂದ ಮೇಲೇರಿ, ಒಳಮಾಳಿಗೆಯ ಎಡೆಗಳಿಂದ ಹೊರಬೀಳುತ್ತದೆ. ಎರಡು ಮಾಡುಗಳ ನಡುವೆ ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಅದರ ಸ್ಥಾನಕ್ಕೆ ಕಿಟಕಿಗಳಿಂದ ತಂಪು ಗಾಳಿ ಬರುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ತಗಡಿನ ಸೂರು ಗೋಡೆಯಿಂದ ಬಹುದೂರ ಹೊರಚಾಚಿರುವುದರಿಂದ ಮಳೆನೀರು ಗೋಡೆಯನ್ನು ಮುಟ್ಟದು. ಹಿರಿಯರು ಅಂಜಿದ ಕರಗುವಿಕೆಗೆ ಇದೇ ಉತ್ತರ.

ಆ ಚೌಕಟ್ಟನ್ನು ಮಾಡಲು ಬೇಕಾದ ಸಲಕರಣೆ ಕೈಗರಗಸ ಮತ್ತು ಬೆಸುಗೆ ಹಾಕುವ ಚಿಕ್ಕ ಯಂತ್ರ, ಇಷ್ಟೇ. ಭಾರ ಎತ್ತುವ ದೊಡ್ಡ ಯಂತ್ರಗಳು ಹಳ್ಳಿಗೆ ಬರಲಾರವೆಂಬುದನ್ನು ಅರಿತೇ ಫ್ರಾನ್ಸಿಸ್ ನಕ್ಷೆ ಬರೆದಿದ್ದರು. ಯುವಕರು ಇಟ್ಟಿಗೆ ಒತ್ತಿದರು, ಸರಳುಗಳನ್ನು ಬೆಸೆದರು. ಮಕ್ಕಳು ಅಡಿಪಾಯಕ್ಕೆ ಕಲ್ಲು ಹೊತ್ತು ತಂದರು. ಹೆಂಗಸರು ನೀರು ಹೊತ್ತರು. ತಮ್ಮ ಮನೆಯ ಪದ್ಧತಿಯಂತೆ ನೆಲಕ್ಕೆ ಮಣ್ಣು ಹಾಸಿ, ಬಡಿದು ಗಟ್ಟಿಮಾಡಿ, ಕಲ್ಲಿನಿಂದ ಉಜ್ಜಿ ನುಣುಪುಗೊಳಿಸಿದರು. 2001ರಲ್ಲಿ ಮೂರು ಕೊಠಡಿಗಳ ಶಾಲೆ ಸಿದ್ಧವಾಯಿತು. ಕೊಠಡಿಗಳ ನಡುವೆ ನೆರಳಿನ ಅಂಗಳಗಳೂ ಇದ್ದವು. ಮಳೆಗಾಲ ಬಂದು ಹೋಯಿತು, ಗೋಡೆಗಳು ನಿಂತವು.

2004ರಲ್ಲಿ ಈ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. ಫ್ರಾನ್ಸಿಸ್ ತಮ್ಮ ಪದವಿಯನ್ನು ಪಡೆದುದೂ ಅದೇ ವರ್ಷ. ಮುಂದೆ ಅಧ್ಯಾಪಕರ ಮನೆಗಳೂ, ಮಕ್ಕಳ ಸಂಖ್ಯೆ ಹೆಚ್ಚಿದುದರಿಂದ ಇನ್ನಷ್ಟು ಕೊಠಡಿಗಳೂ ಎದ್ದವು. ಗ್ರಂಥಾಲಯದ ಮಾಳಿಗೆಗಾಗಿ ಹೆಂಗಸರು ತಾವೇ ಮಾಡಿದ ಮಡಕೆಗಳನ್ನು ತಲೆಯ ಮೇಲೆ ಹೊತ್ತು ತಂದರು. ಅವುಗಳ ತಳವನ್ನು ಕತ್ತರಿಸಿ ಮಾಳಿಗೆಯಲ್ಲಿ ಹುದುಗಿಸಲಾಯಿತು. ಅನ್ನ ಬೇಯಿಸುವ ಮಡಕೆಯ ಬಾಯಿಂದ ಓದುವವರಿಗೆ ಬೆಳಕೂ ಗಾಳಿಯೂ ಇಳಿಯುವಂತಾಯಿತು. 2022ರಲ್ಲಿ ಫ್ರಾನ್ಸಿಸ್ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು. ವಾಸ್ತುಶಿಲ್ಪದ ಈ ಹಿರಿಯ ಪ್ರಶಸ್ತಿಯನ್ನು ಪಡೆದ ಮೊದಲ ಆಫ್ರಿಕನ್ನರು ಅವರು.

ಪ್ರಶಸ್ತಿಗಳಿಗಿಂತ ದೊಡ್ಡ ಲಾಭ ಹಳ್ಳಿಯಲ್ಲೇ ಉಳಿಯಿತು. ಶಾಲೆ ಕಟ್ಟುತ್ತ ಕಸುಬು ಕಲಿತ ಯುವಕರು ಬೇರೆಡೆಗಳಲ್ಲಿಯೂ ಕೆಲಸ ಮಾಡಿ ಗಳಿಸತೊಡಗಿದರು. ಮಕ್ಕಳು ಕೋಣೆಯೊಳಗೆ ಕುಳಿತು ಕಲಿಯುವ ಮೊದಲೇ ಹಿರಿಯರು ಅದರ ಗೋಡೆಗಳಿಂದ ಕಲಿತಿದ್ದರು. ಕಟ್ಟಡ ಬಹುಕಾಲ ಬಾಳುವುದು ಅದಕ್ಕೆ ಬಳಸಿದ ವಸ್ತುವಿನ ಗಟ್ಟಿತನದಿಂದ ಮಾತ್ರವಲ್ಲ. ಅದು ಸವೆದಾಗ ಸರಿಪಡಿಸಬಲ್ಲ ಕೈಗಳು ಹತ್ತಿರದಲ್ಲಿರಬೇಕು. ಅದನ್ನು ತಮ್ಮದೆಂದು ಬಗೆಯುವ ಮನಸ್ಸುಗಳೂ ಇರಬೇಕು. ಗಾಂಡೋದಲ್ಲಿ ಇವೆರಡೂ ಇವೆ. ಹೆಂಗಸರು ಅಂದು ಬಾಲಕನ ಕೈಗಿತ್ತ ಕಾಸು ಊರಿನ ಎಲ್ಲ ಮಕ್ಕಳ ಪಾಲಿಗೆ ನೆರಳಾಯಿತು.