ಪಾಲಿಮರ್ ಚೌಕಟ್ಟಿನ ಪಿಸ್ತೂಲು: ಶುಚಿಗೊಳಿಸುವ ಕ್ರಮ, ಕಾಪಾಡುವ ಶಿಸ್ತು

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್, ನಂದಿನಿ ಲೇಔಟ್, ರಾಜಾಜಿನಗರದಂತಹ ಬಡಾವಣೆಗಳಲ್ಲಿ ಮೂವತ್ತು–ನಲವತ್ತು ಅಡಿ ಅಳತೆಯ ನಿವೇಶನಗಳು ಒತ್ತೊತ್ತಾಗಿದ್ದು, ಒಂದು ಮನೆಯ ಗೋಡೆಗೂ ಪಕ್ಕದ ಮನೆಯ ಕಿಟಕಿಗೂ ನಡುವೆ ಹಲವೆಡೆ ಕೆಲವೇ ಅಡಿಗಳ ಅಂತರವಿರುತ್ತದೆ. ಇಂತಹ ಕಡೆ ಪರವಾನಗಿ ಪಡೆದ ಪಿಸ್ತೂಲನ್ನು ಮನೆಯಲ್ಲಿಟ್ಟುಕೊಂಡವರಿಗೆ ಅದನ್ನು ಶುಚಿಗೊಳಿಸುವ ಕೆಲಸವು ಯಂತ್ರದ ಆರೈಕೆಯಷ್ಟೇ ಅಲ್ಲದೆ ನೆರೆಹೊರೆಯ ಸುರಕ್ಷತೆಯ ಪ್ರಶ್ನೆಯೂ ಆಗಿರುತ್ತದೆ. ಪಾಲಿಮರ್ ಚೌಕಟ್ಟಿನ ಪಿಸ್ತೂಲು ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ತುಕ್ಕು ಹಿಡಿಯದಿರುವುದು ಕೈಗೆ ಸಿಗುವ ಚೌಕಟ್ಟು ಮಾತ್ರವೇ ಹೊರತು, ಅದರ ಮೇಲೆ ಕೂತು ಗುಂಡಿನ ಒತ್ತಡವನ್ನು ತಡೆಯುವ ಉಕ್ಕಿನ ಭಾಗಗಳಲ್ಲ.

ಪಾಲಿಮರ್ ಚೌಕಟ್ಟು ಎಂದರೇನು?

ಚೌಕಟ್ಟು ಎಂದರೆ ಹಿಡಿ, ಟ್ರಿಗರ್ ಮತ್ತು ಗುಂಡುಗಳನ್ನು ತುಂಬುವ ಮ್ಯಾಗಜಿನ್‌ನ ಗೂಡನ್ನು ಒಳಗೊಂಡ ಕೆಳಭಾಗ; ಅದರ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಭಾಗಕ್ಕೆ ಸ್ಲೈಡ್ ಎಂದೂ, ಸ್ಲೈಡಿನೊಳಗೆ ಕೂರುವ ನಳಿಗೆಗೆ ಬ್ಯಾರಲ್ ಎಂದೂ, ಬ್ಯಾರಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಗೂಡಿಗೆ ಚೇಂಬರ್ ಎಂದೂ ಹೆಸರು. ಹಿಂದೆ ಇಡೀ ಚೌಕಟ್ಟನ್ನು ಉಕ್ಕು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಲಾಗುತ್ತಿತ್ತು. 1970ರಲ್ಲಿ ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಸಂಸ್ಥೆಯು ವಿಪಿ 70 ಎಂಬ ಪಾಲಿಮರ್ ಚೌಕಟ್ಟಿನ ಪಿಸ್ತೂಲನ್ನು ಹೊರತಂದಿತಾದರೂ, ಈ ವಿನ್ಯಾಸವು ಜಗತ್ತಿನಾದ್ಯಂತ ಬೇರೂರಿದ್ದು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ರೂಪಿಸಿದ ಗ್ಲಾಕ್ 17 ಮಾದರಿಯನ್ನು ಆ ದೇಶದ ಸೇನೆಯು 1980ರ ದಶಕದ ಆರಂಭದಲ್ಲಿ ಒಪ್ಪಿಕೊಂಡ ಮೇಲೆಯೇ. ಅದರ ಚೌಕಟ್ಟು ನೈಲಾನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನದು. ಆ ಪ್ಲಾಸ್ಟಿಕ್ಕಿನಲ್ಲಿ, ಒಂದೊಂದು ಬದಿಗೆ ಎರಡರಂತೆ, ಬೆರಳುಗುರಿನಷ್ಟು ಚಿಕ್ಕದಾದ ನಾಲ್ಕು ಉಕ್ಕಿನ ಹಳಿತುಣುಕುಗಳು ಹುದುಗಿದ್ದು, ಸ್ಲೈಡ್ ಜಾರುವುದು ಇವುಗಳ ಮೇಲೆ. ಆರೈಕೆಯ ಬಹುಪಾಲು ಗಮನ ಹೋಗಬೇಕಾದದ್ದು ಈ ಹಳಿಗಳಿಗೆ, ಬ್ಯಾರಲ್ಲಿಗೆ ಮತ್ತು ಸ್ಲೈಡಿಗೆ.

9 ಎಂ.ಎಂ. ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರ್ ವರ್ಗಕ್ಕೆ ಸೇರಿರುವುದರಿಂದ ಗ್ಲಾಕ್ 17ರಂತಹ ಮಾದರಿಗಳು ಮುಖ್ಯವಾಗಿ ಪೊಲೀಸ್ ಮತ್ತು ಭದ್ರತಾ ಪಡೆಗಳ ಬಳಕೆಯಲ್ಲಿವೆ. ಸಾಮಾನ್ಯ ನಾಗರಿಕರ ಪರವಾನಗಿಯಲ್ಲಿ ಹೆಚ್ಚಾಗಿ ಕಾಣಿಸುವುದು .32 ಮತ್ತು .22 ಬೋರಿನ ಆಯುಧಗಳು. ಬೋರ್ ಎಂದರೆ ನಳಿಗೆಯ ಒಳವ್ಯಾಸ. ಮಾದರಿ ಯಾವುದೇ ಇರಲಿ, ಇಲ್ಲಿ ವಿವರಿಸುವ ಕ್ರಮದ ತಿರುಳು ಒಂದೇ ಆಗಿದ್ದು, ಬಿಡಿಸುವ ಮತ್ತು ಜೋಡಿಸುವ ವಿವರಗಳಲ್ಲಿ ಮಾತ್ರ ತಯಾರಕರ ಕೈಪಿಡಿಯ ಮಾತೇ ಅಂತಿಮ.

ಕಾನೂನಿನ ಚೌಕಟ್ಟು

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಪ್ರಕರಣದ ಪ್ರಕಾರ ಬಂದೂಕು, ಪಿಸ್ತೂಲುಗಳ ತಯಾರಿಕೆ ಮತ್ತು ಮಾರಾಟಕ್ಕೆ ಹೇಗೋ ಹಾಗೆಯೇ ದುರಸ್ತಿಯ ವೃತ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಪರವಾನಗಿದಾರನು ತನ್ನ ಆಯುಧವನ್ನು ಒರೆಸಿ ಎಣ್ಣೆ ಹಾಕುವವರೆಗೆ ಮಾತ್ರ ಮುಂದುವರಿಯಬೇಕು; ಸ್ಪ್ರಿಂಗ್ ಬದಲಿಸುವುದು, ಟ್ರಿಗರ್ ಹಗುರ ಮಾಡುವುದು, ಲೋಹ ಉಜ್ಜುವುದು ಮುಂತಾದವನ್ನು ಲೈಸೆನ್ಸ್ ಹೊಂದಿದ ಗನ್ ಹೌಸ್‌ನ ದುರಸ್ತಿಗಾರರಿಗೇ ಬಿಡಬೇಕು. ಬೆಂಗಳೂರು ನಗರದಲ್ಲಿ ಪರವಾನಗಿ ನೀಡುವ ಅಧಿಕಾರ ನಗರ ಪೊಲೀಸ್ ಆಯುಕ್ತರದು. ಪರವಾನಗಿ ಇಲ್ಲದ ಮನೆಮಂದಿಯ ಅಥವಾ ಕೆಲಸದವರ ಕೈಗೆ ಶುಚಿಗೊಳಿಸಲೆಂದು ಆಯುಧವನ್ನು ಒಪ್ಪಿಸುವುದು ಸಲ್ಲದು.

ಮೊದಲ ಹೆಜ್ಜೆ: ಸ್ಥಳ ಮತ್ತು ಸಾಮಗ್ರಿ

ಗಾಳಿಯಾಡುವ, ಚೆನ್ನಾಗಿ ಬೆಳಕು ಬೀಳುವ, ಮಕ್ಕಳು ಬಾರದಂತೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯನ್ನು ಆರಿಸಿಕೊಳ್ಳಬೇಕು. ಅಡುಗೆಮನೆಯಾಗಲಿ ಊಟದ ಮೇಜಾಗಲಿ ಇದಕ್ಕೆ ತಕ್ಕ ಸ್ಥಳವಲ್ಲ. ಏಕೆಂದರೆ ಗುಂಡಿನ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ನಲ್ಲಿ ಸಾಮಾನ್ಯವಾಗಿ ಸೀಸದ ಸಂಯುಕ್ತವಿದ್ದು, ಹಾರಿಸಿದ ಪಿಸ್ತೂಲಿನ ಮಸಿಯಲ್ಲಿ ಅದರ ಶೇಷ ಉಳಿದಿರುತ್ತದೆ. ಸೀಸವು ಮಕ್ಕಳಿಗೂ ಗರ್ಭಿಣಿಯರಿಗೂ ವಿಶೇಷವಾಗಿ ಹಾನಿಕರವಾದ್ದರಿಂದ ತೆಳು ರಬ್ಬರ್ ಕೈಗವಸು ಧರಿಸುವುದು, ಕೆಲಸದ ನಡುವೆ ತಿನ್ನದಿರುವುದು, ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದು ಅಗತ್ಯ. ಶುಚಿಕಾರಕ ದ್ರವಗಳು ಬೇಗ ಹೊತ್ತಿಕೊಳ್ಳುವಂಥವಾದ್ದರಿಂದ ದೇವರ ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಇವುಗಳ ಹತ್ತಿರ ಈ ಕೆಲಸ ಮಾಡಬಾರದು.

ಬೇಕಾದ ಸಾಮಗ್ರಿ ಹೆಚ್ಚಲ್ಲ: ಬೋರಿನ ಅಳತೆಗೆ ಹೊಂದುವ ಕಂಚಿನ ಎಳೆಗಳ ಬ್ರಷ್ ಮತ್ತು ಕಡ್ಡಿ, ಹಳೆಯ ಹತ್ತಿ ಬನಿಯನ್ನಿನಿಂದ ಕತ್ತರಿಸಿದ ಚಿಕ್ಕ ಬಟ್ಟೆಚೂರುಗಳು, ನೈಲಾನ್ ಎಳೆಗಳ ಹಳೆಯ ಹಲ್ಲುಜ್ಜುವ ಬ್ರಷ್, ಆಯುಧಗಳಿಗೆಂದೇ ತಯಾರಾದ ಶುಚಿಕಾರಕ ದ್ರವ ಮತ್ತು ತೆಳುವಾದ ಖನಿಜ ಎಣ್ಣೆ. ಆಯುಧದ ಎಣ್ಣೆ ಸಿಗದಿದ್ದಲ್ಲಿ ಶುದ್ಧ ಹೊಲಿಗೆ ಯಂತ್ರದ ಎಣ್ಣೆಯು ತಾತ್ಕಾಲಿಕವಾಗಿ ಸಾಕಾಗುತ್ತದೆ. ಕೊಬ್ಬರಿ ಎಣ್ಣೆಯನ್ನು ಮಾತ್ರ ಎಂದಿಗೂ ಬಳಸಬಾರದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಸ್ಲೈಡಿನ ಹಳಿಗಳಲ್ಲೇ ಗಟ್ಟಿಯಾಗುತ್ತದೆ. ಹರಳೆಣ್ಣೆ, ಎಳ್ಳೆಣ್ಣೆಗಳು ದಿನ ಕಳೆದಂತೆ ಜಿಗುಟಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೀಮೆಎಣ್ಣೆ ಜಿಡ್ಡನ್ನು ಬಿಡಿಸುತ್ತದೆಯೇ ಹೊರತು ಲೋಹಕ್ಕೆ ಬಾಳಿಕೆಯ ರಕ್ಷಣೆ ಕೊಡುವುದಿಲ್ಲ.

ಎರಡನೆಯ ಹೆಜ್ಜೆ: ಆಯುಧವನ್ನು ಬರಿದು ಮಾಡುವುದು

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇನ್ನೊಂದಿಲ್ಲ. ಪಿಸ್ತೂಲಿನ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಮೊದಲು ಮ್ಯಾಗಜಿನ್ ತೆಗೆಯಬೇಕು. ಆಮೇಲೆ ಮಾತ್ರ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಚೇಂಬರಿನಲ್ಲಿರಬಹುದಾದ ಗುಂಡನ್ನು ಹೊರಹಾಕಬೇಕು. ಈ ಕ್ರಮ ತಿರುಗುಮುರುಗಾದರೆ, ಅಂದರೆ ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ, ಹೊರಬಿದ್ದ ಗುಂಡಿನ ಜಾಗಕ್ಕೆ ಮತ್ತೊಂದು ಗುಂಡು ಏರಿ ಕೂರುತ್ತದೆ. ಅನಂತರ ಮ್ಯಾಗಜಿನ್ ತೆಗೆದರೂ ಪಿಸ್ತೂಲು ತುಂಬಿಯೇ ಇರುತ್ತದೆ. ಆದ್ದರಿಂದ ಸ್ಲೈಡನ್ನು ಹಿಂದಕ್ಕೆ ಸಿಕ್ಕಿಸಿ ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಮ್ಯಾಗಜಿನ್ ಗೂಡನ್ನೂ ಪರೀಕ್ಷಿಸಿ, ಇದಿಷ್ಟನ್ನೂ ಇನ್ನೊಮ್ಮೆ ಮಾಡಬೇಕು. ತೆಗೆದ ಎಲ್ಲ ಗುಂಡುಗಳನ್ನು ಎಣಿಸಿ, ಬೇರೆ ಕೋಣೆಯಲ್ಲಿ ಬೀಗದೊಳಗಿಟ್ಟು ಬಂದ ಮೇಲೆಯೇ ಮುಂದಿನ ಕೆಲಸ ಆರಂಭಿಸಬೇಕು.

ಸುರಕ್ಷಿತ ದಿಕ್ಕು ಯಾವುದೆಂಬುದು ಒತ್ತೊತ್ತಾದ ಬಡಾವಣೆಯಲ್ಲಿ ಸುಲಭದ ಪ್ರಶ್ನೆಯಲ್ಲ. ಪಕ್ಕದ ಗೋಡೆಯಾಚೆ ನೆರೆಮನೆಯವರಿದ್ದರೆ, ನೆಲದ ಕೆಳಗೆ ಬಾಡಿಗೆದಾರರಿರುತ್ತಾರೆ. ತೆಳುವಾದ ಟೊಳ್ಳು ಕಾಂಕ್ರೀಟ್ ಬ್ಲಾಕಿನ ಗೋಡೆಯನ್ನು ಗುಂಡಿಗೆ ತಡೆಯೆಂದು ನಂಬುವಂತಿಲ್ಲ. ದೊಡ್ಡ ಬಕೆಟ್ಟಿನ ತುಂಬ ಮರಳು ತುಂಬಿಸಿ ಕೋಣೆಯ ಮೂಲೆಯಲ್ಲಿರಿಸಿ, ಪಿಸ್ತೂಲಿನ ಬಾಯಿಯನ್ನು ಸದಾ ಅದರತ್ತಲೇ ತಿರುಗಿಸುವುದು ಕಡಿಮೆ ಖರ್ಚಿನ, ನಂಬಬಹುದಾದ ಏರ್ಪಾಡು.

ಮೂರನೆಯ ಹೆಜ್ಜೆ: ಭಾಗಗಳನ್ನು ಬಿಡಿಸುವುದು

ಉಪಕರಣಗಳಿಲ್ಲದೆ ಕೈಯಿಂದಲೇ ಮುಖ್ಯ ಭಾಗಗಳನ್ನು ಬೇರ್ಪಡಿಸುವುದನ್ನು ಪ್ರಾಥಮಿಕ ಬಿಡಿಸುವಿಕೆ ಎನ್ನಬಹುದು. ಬಹುತೇಕ ಮಾದರಿಗಳಲ್ಲಿ ಇದರಿಂದ ಸ್ಲೈಡ್, ಬ್ಯಾರಲ್, ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಮತ್ತು ಚೌಕಟ್ಟು ಎಂಬ ನಾಲ್ಕು ಭಾಗಗಳು ದೊರೆಯುತ್ತವೆ. ಗ್ಲಾಕ್ ಮತ್ತು ಅದೇ ಬಗೆಯ ಕೆಲವು ಪಿಸ್ತೂಲುಗಳಲ್ಲಿ ಸ್ಲೈಡನ್ನು ಬೇರ್ಪಡಿಸುವ ಮುನ್ನ ಟ್ರಿಗರನ್ನು ಒಮ್ಮೆ ಒತ್ತಲೇಬೇಕಾಗುತ್ತದೆ. ಚೇಂಬರಿನಲ್ಲಿ ಗಮನಕ್ಕೆ ಬಾರದ ಗುಂಡು ಉಳಿದಿದ್ದರೆ ಅದು ಹಾರುವುದು ಇದೇ ಕ್ಷಣದಲ್ಲಿ. ಹಾಗಾಗಿ ಟ್ರಿಗರ್ ಒತ್ತುವ ಮುನ್ನ ಚೇಂಬರನ್ನು ಮೂರನೆಯ ಸಲ ನೋಡಿ, ಬಾಯಿಯನ್ನು ಮರಳಿನತ್ತ ಹಿಡಿದೇ ಒತ್ತಬೇಕು. ಇದಕ್ಕೂ ಮುಂದೆ ಹೋಗಿ ಪಿನ್ನುಗಳನ್ನು ಬಡಿದು ತೆಗೆಯುವ ಅಗತ್ಯ ಮನೆಯ ಆರೈಕೆಯಲ್ಲಿ ಇಲ್ಲ.

ನಾಲ್ಕನೆಯ ಹೆಜ್ಜೆ: ಬ್ಯಾರಲ್

ದ್ರವದಲ್ಲಿ ನೆನೆಸಿದ ಬಟ್ಟೆಚೂರನ್ನು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ಒಮ್ಮೆ ದಾಟಿಸಿ ಕೆಲವು ನಿಮಿಷ ಬಿಡಬೇಕು. ಮದ್ದಿನ ಮಸಿ ಸಡಿಲಗೊಂಡ ಮೇಲೆ ಕಂಚಿನ ಬ್ರಷ್ಷನ್ನು ಅದೇ ದಿಕ್ಕಿನಲ್ಲಿ ಪೂರ್ತಿ ಹೊರಬರುವಂತೆ ತಳ್ಳಿ, ನಡುವೆ ದಿಕ್ಕು ಬದಲಿಸದೆ ಹಲವು ಸಲ ದಾಟಿಸಬೇಕು. ಉಕ್ಕಿನ ಎಳೆಗಳ ಬ್ರಷ್ ನಳಿಗೆಯೊಳಗಿನ ಸುರುಳಿಗೆರೆಗಳನ್ನು ಸವೆಸುವುದರಿಂದ ವರ್ಜ್ಯ. ಗುಂಡಿಗೆ ತಿರುಗುವ ಗತಿ ಕೊಟ್ಟು ಗುರಿಯನ್ನು ಸ್ಥಿರವಾಗಿಸುವುದು ಈ ಗೆರೆಗಳೇ. ಅನಂತರ ಒಣಬಟ್ಟೆಯ ಚೂರುಗಳನ್ನು, ಅವು ಕಪ್ಪಾಗದೆ ಹೊರಬರುವವರೆಗೆ, ದಾಟಿಸಬೇಕು. ತಾಮ್ರದ ಕಲೆಗಳನ್ನು ಕರಗಿಸುವ ಅಮೋನಿಯಾಯುಕ್ತ ದ್ರವವನ್ನು ಬಳಸಿದ್ದರೆ, ಡಬ್ಬಿಯ ಮೇಲೆ ಸೂಚಿಸಿದ ಅವಧಿ ಮೀರದಂತೆ ಒರೆಸಿ ತೆಗೆಯಬೇಕು. ಕೊನೆಗೆ ಬಿಳಿ ಕಾಗದವನ್ನು ಒಂದು ತುದಿಗೆ ಹಿಡಿದು ಇನ್ನೊಂದು ತುದಿಯಿಂದ ನೋಡಿದರೆ, ಸ್ವಚ್ಛವಾದ ನಳಿಗೆಯಲ್ಲಿ ಗೆರೆಗಳು ಹೊಳೆಯುತ್ತ ಸುರುಳಿಯಾಗಿ ಕಾಣುತ್ತವೆ. ಉಳಿದ ಮಸಿ ಮಂಕಾದ ಪಟ್ಟೆಯಂತೆ, ತುಕ್ಕಿನ ಆರಂಭ ಸಣ್ಣ ಕಂದು ಚುಕ್ಕೆಗಳಂತೆ ತೋರುತ್ತದೆ.

ಐದನೆಯ ಹೆಜ್ಜೆ: ಸ್ಲೈಡ್

ಗುಂಡಿನ ಹಿಂಬದಿಗೆ ಆತುಕೊಳ್ಳುವ ಸ್ಲೈಡಿನ ಒಳಮುಖವನ್ನೂ, ಖಾಲಿ ತೋಟಾವನ್ನು ಎಳೆದು ತೆಗೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರಿನ ಸಂದನ್ನೂ ನೈಲಾನ್ ಬ್ರಷ್ಷಿನಿಂದ ಉಜ್ಜಬೇಕು. ಈ ಒಳಮುಖದ ನಡುವೆ ಇರುವ ಸಣ್ಣ ರಂಧ್ರವು ಪ್ರೈಮರನ್ನು ಚುಚ್ಚುವ ಫೈರಿಂಗ್ ಪಿನ್ನಿನ ದಾರಿ. ಅಲ್ಲಿಗೆ ಎಣ್ಣೆಯಾಗಲಿ ದ್ರವವಾಗಲಿ ಹರಿದರೆ ಮಸಿಯೊಂದಿಗೆ ಬೆರೆತು ಪಿನ್ನಿನ ವೇಗ ಕುಗ್ಗಿ ಗುಂಡು ಹಾರದೇ ಹೋಗಬಹುದು. ಆದ್ದರಿಂದ ಸ್ಲೈಡಿನ ಮುಂತುದಿಯನ್ನು ಕೆಳಮುಖವಾಗಿ ಹಿಡಿದು, ದ್ರವವು ರಂಧ್ರದಿಂದ ದೂರ ಇಳಿಯುವಂತೆ ಕೆಲಸ ಮಾಡಬೇಕು.

ಆರನೆಯ ಹೆಜ್ಜೆ: ಚೌಕಟ್ಟು ಮತ್ತು ಮ್ಯಾಗಜಿನ್

ಪಾಲಿಮರ್ ಭಾಗಕ್ಕೆ ಒಣ ಬ್ರಷ್ ಮತ್ತು ತುಸು ಒದ್ದೆಯಾದ ಬಟ್ಟೆಯೇ ಬಹುಮಟ್ಟಿಗೆ ಸಾಕು. ಹಿಡಿಯ ಮೇಲಿನ ಬೆವರು, ಜಿಡ್ಡು ಹೋಗದಿದ್ದರೆ ಸೌಮ್ಯವಾದ ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಬೇಕು. ಎಲ್ಲ ತಯಾರಕರ ಪ್ಲಾಸ್ಟಿಕ್ಕೂ ಒಂದೇ ಜಾತಿಯದಲ್ಲ. ಒಂದಕ್ಕೆ ಏನೂ ಮಾಡದ ಪೇಂಟ್ ಥಿನ್ನರ್ ಅಥವಾ ಅಸಿಟೋನ್ ಇನ್ನೊಂದನ್ನು ಮೆತ್ತಗಾಗಿಸಿ ಬಿರುಕು ಬಿಡಿಸಬಹುದು, ಆಮ್ಲವಂತೂ ನೈಲಾನನ್ನೇ ಕೆಡಿಸುತ್ತದೆ. ಆದ್ದರಿಂದ ಬಚ್ಚಲು ತೊಳೆಯುವ ದ್ರವಗಳನ್ನು ಹತ್ತಿರವೂ ತರಬಾರದು. ಉಕ್ಕಿನ ಹಳಿತುಣುಕುಗಳ ಬುಡದಲ್ಲಿ ಮತ್ತು ಪಿನ್ನುಗಳ ಸುತ್ತ ಕೂದಲೆಳೆಯಂತಹ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಕಂಡುಬಂದರೆ ಆ ಪಿಸ್ತೂಲನ್ನು ಹಾರಿಸದೆ ದುರಸ್ತಿಗಾರರಿಗೆ ತೋರಿಸಬೇಕು.

ಮ್ಯಾಗಜಿನ್ ಒಳಗೆ ಎಣ್ಣೆ ಹಾಕಬಾರದು. ಎಣ್ಣೆ ಗುಂಡುಗಳಿಗೆ ತಗುಲಿ ಪ್ರೈಮರಿನೊಳಗೆ ಇಳಿದರೆ ಗುಂಡು ಠುಸ್ಸಾಗುತ್ತದೆ. ಒಣಬಟ್ಟೆಯಿಂದ ಧೂಳು ತೆಗೆದರೆ ಕೆಲಸ ಮುಗಿಯಿತು.

ಏಳನೆಯ ಹೆಜ್ಜೆ: ಎಣ್ಣೆ, ಜೋಡಣೆ, ಪರೀಕ್ಷೆ

ಪಾಲಿಮರ್ ಪಿಸ್ತೂಲಿಗೆ ಎಣ್ಣೆ ಕಡಿಮೆಯೇ ಸಾಕು. ಸ್ಲೈಡಿನಲ್ಲಿ ಹಳಿಗಳು ಕೂರುವ ತೋಡುಗಳಿಗೆ, ಬ್ಯಾರಲ್ಲಿನ ಹೊರಮೈಗೆ, ಮತ್ತು ಕೈಪಿಡಿ ಸೂಚಿಸಿದಲ್ಲಿ ಟ್ರಿಗರಿನ ಪಟ್ಟಿ ಒಳಭಾಗಕ್ಕೆ ತಾಗುವ ಬಿಂದುವಿಗೆ ಒಂದೊಂದೇ ತೊಟ್ಟು ಹಾಕಿ, ಬೆರಳಿನಿಂದ ಸವರಿ, ಹೆಚ್ಚಾದದ್ದನ್ನು ಒರೆಸಬೇಕು. ಹೊಸ ಗ್ಲಾಕ್ ಪಿಸ್ತೂಲಿನ ಸ್ಲೈಡಿನೊಳಗೆ ತಯಾರಕರೇ ಹಚ್ಚಿರುವ ತಾಮ್ರವರ್ಣದ ಗ್ರೀಸನ್ನು ಕೊಳೆಯೆಂದು ತಿಳಿದು ತೆಗೆಯಬಾರದು. ಭಾಗಗಳನ್ನು ಜೋಡಿಸಿದ ಮೇಲೆ, ಖಾಲಿ ಆಯುಧದಲ್ಲೇ, ಸ್ಲೈಡನ್ನು ಎಳೆದು ಬಿಟ್ಟು, ಬಾಯಿಯನ್ನು ಮರಳಿನತ್ತ ಹಿಡಿದು ಟ್ರಿಗರ್ ಒತ್ತಿ ಹಿಡಿದುಕೊಂಡೇ ಸ್ಲೈಡನ್ನು ಇನ್ನೊಮ್ಮೆ ಎಳೆದು ಬಿಡಬೇಕು. ಆಮೇಲೆ ಟ್ರಿಗರನ್ನು ಮೆಲ್ಲಗೆ ಸಡಿಲಿಸಿದಾಗ 'ಟಕ್' ಎಂಬ ಸದ್ದು ಕೇಳಿದರೆ ಅದು ಸರಿಯಾಗಿ ಮರಳಿ ಕೂತಿದೆ ಎಂದರ್ಥ. ಗುಂಡು ಹಾರಿಸಿ ಪರೀಕ್ಷಿಸುವುದು ಅಧಿಕೃತ ಶೂಟಿಂಗ್ ರೇಂಜಿನಲ್ಲಿ ಮಾತ್ರ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ವಿಧಿಸಲು ಅವಕಾಶವಿದೆ.

ಮಳೆಗಾಲ, ಹಬ್ಬ ಮತ್ತು ಚುನಾವಣೆ

ಬೆಂಗಳೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಜೋರು ಮಳೆಯ ತಿಂಗಳುಗಳು. ಆಯುಧಪೂಜೆ ಬರುವುದೂ ಬಹುತೇಕ ಇದೇ ಸಮಯದಲ್ಲಿ. ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ಶುಚಿಗೊಳಿಸಿ, ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಸಂಪ್ರದಾಯವಿದ್ದು, ಪೂಜೆಗೂ ಆರೈಕೆಗೂ ಇರುವ ನಂಟು ಅಲ್ಲಿ ಸ್ಪಷ್ಟವಾಗಿದೆ. ನಗರದ ಮನೆಗಳಲ್ಲಿ ಪೂಜೆಯಾದ ಪಿಸ್ತೂಲನ್ನು ಒದ್ದೆ ಗಂಧ, ಅರಿಶಿನ, ಕುಂಕುಮ, ಹೂವುಗಳೊಂದಿಗೆ ಮರುದಿನದವರೆಗೂ ಬಿಟ್ಟರೆ, ತೇವಾಂಶವು ಉಕ್ಕಿನ ಸ್ಲೈಡಿನ ಮೇಲೆ ಕಲೆ ಮತ್ತು ತುಕ್ಕಿಗೆ ದಾರಿ ಮಾಡುತ್ತದೆ. ಕುಂಕುಮವನ್ನು ಆಯುಧದ ಪೆಟ್ಟಿಗೆಗೆ ಹಚ್ಚುವುದು, ಇಲ್ಲವೇ ಮಂಗಳಾರತಿಯ ಬೆನ್ನಲ್ಲೇ ಒರೆಸಿ ಎಣ್ಣೆ ಸವರುವುದು ಉತ್ತಮ. ಪೂಜೆಗಿಡುವ ಪಿಸ್ತೂಲು ಖಾಲಿಯಾಗಿರಲೇಬೇಕು.

ಚರ್ಮದ ಹೋಲ್‌ಸ್ಟರ್ ತೇವವನ್ನು ಹೀರಿಕೊಳ್ಳುವುದರಿಂದ ಅದು ಹೊತ್ತೊಯ್ಯಲು ಮಾತ್ರ ಯೋಗ್ಯ, ದೀರ್ಘಕಾಲ ಇಡಲು ಅಲ್ಲ. ತೆಳು ಎಣ್ಣೆ ಸವರಿದ ಪಿಸ್ತೂಲನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗವಿರುವ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಗುಂಡುಗಳನ್ನು ಬೇರೆ ಬೀಗದಲ್ಲಿರಿಸಿ, ಹಾರಿಸದಿದ್ದರೂ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು. ಚುನಾವಣೆಯ ಕಾಲದಲ್ಲಿ ಆಯುಧವನ್ನು ಠೇವಣಿ ಇಡುವಂತೆ ಸೂಚನೆ ಬಂದವರು ಪೊಲೀಸ್ ಠಾಣೆಗೆ ಒಪ್ಪಿಸುವ ಮುನ್ನ ಪೂರ್ಣ ಶುಚಿಗೊಳಿಸಿ, ಲೋಹಕ್ಕೆ ಎಂದಿಗಿಂತ ತುಸು ಹೆಚ್ಚು ಎಣ್ಣೆ ಸವರಬೇಕು. ಏಕೆಂದರೆ ಆಯುಧವು ಅಲ್ಲಿ ತಿಂಗಳುಗಟ್ಟಲೆ ಉಳಿಯಬಹುದು: 2024ರ ಲೋಕಸಭಾ ಚುನಾವಣೆಯಲ್ಲಿ ಮಾದರಿ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ, ಅಂದರೆ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಜಾರಿಯಲ್ಲಿತ್ತು. ಮರಳಿ ಪಡೆದ ದಿನವೇ ಆ ಎಣ್ಣೆಯನ್ನು ಒರೆಸಿ, ನಳಿಗೆಯನ್ನು ಒಣಗಿಸಿ, ಮೊದಲಿನ ಕ್ರಮವನ್ನು ಪುನಃ ಅನುಸರಿಸಬೇಕು.

ಪರವಾನಗಿ ಪುಸ್ತಕದ ಜೊತೆಗೆ ಚಿಕ್ಕ ನೋಟ್‌ಬುಕ್ ಒಂದನ್ನಿಟ್ಟುಕೊಂಡು, ಶುಚಿಗೊಳಿಸಿದ ದಿನಾಂಕ, ಹಾರಿಸಿದ ಗುಂಡುಗಳ ಸಂಖ್ಯೆ, ದುರಸ್ತಿಗಾರರು ಬದಲಿಸಿದ ಭಾಗಗಳನ್ನು ಬರೆದಿಟ್ಟರೆ, ರಿಕಾಯಿಲ್ ಸ್ಪ್ರಿಂಗಿನಂತಹ ಸವೆಯುವ ಭಾಗಗಳ ಅವಧಿ ತಪ್ಪುವುದಿಲ್ಲ. ಬಿರುಕು, ತುಕ್ಕಿನ ಗುಳಿ, ಸಡಿಲಗೊಂಡ ಪಿನ್, ಮರಳಿ ಕೂರದ ಟ್ರಿಗರ್ ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ಮನೆಯ ಕೆಲಸ ನಿಂತು, ಪರವಾನಗಿ ಪುಸ್ತಕದೊಂದಿಗೆ ಆಯುಧವು ಗನ್ ಹೌಸ್ ತಲುಪಬೇಕು.